ಉಡಿಗೆ ಬಿದ್ದ ಕೈ

ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಮಾರ್ತಾಂಡರಾಯರ ಬಟ್ಟೆ ಅಂಗಡಿ. ಅದರ ಬಾಗಿಲಲ್ಲಿ ಹನ್ನೊಂದು ವರ್ಷ ಕಾವಲು ನಿಂತ ಮಲಕಪ್ಪನನ್ನು ಕಂಡರೆ ಅರ್ಧ ಪೇಟೆ ಹೆದರುತ್ತಿತ್ತು. ಮಲಕಪ್ಪನಿಗೂ ಒಂದು ಹೆದರಿಕೆ ಇದೆ ಎಂಬುದು ಅವನ ಹೆಂಡತಿ ಸಾವಂತ್ರವ್ವನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವನು ಹೆದರುತ್ತಿದ್ದದ್ದು ತನ್ನ ಬಲಗೈಗೆ.

ಬೈಲಹೊಂಗಲದ ಗರಡಿಯಲ್ಲಿ ಬೆಳೆದ ಕೈ ಅದು. ಹಿಡಿದದ್ದನ್ನು ಎದುರಾಳಿಯ ಬೆನ್ನಿಗೆ ಮಣ್ಣು ಹತ್ತುವ ತನಕ ಬಿಡಬಾರದು ಎಂದು ವಸ್ತಾದರು ಬೆತ್ತ ಹಿಡಿದು ಕಲಿಸಿದ್ದರು. ಕುಸ್ತಿಯ ಹುಚ್ಚಿಗೆ ಬಿದ್ದು ಪುಣೆಗೆ ಬಂದ. ಮೂರನೆಯ ವರ್ಷಕ್ಕೆ ಎಡಭುಜದ ಕೀಲು ಕಳಚಿ ಕುಸ್ತಿ ಮುಗಿಯಿತು. ಬಲಗೈಯ ಹಿಡಿತ ಮಾತ್ರ ಹಾಗೇ ಉಳಿಯಿತು. ಮಾರ್ತಾಂಡರಾಯರು ಅವನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಆ ಹಿಡಿತ ನೋಡಿಯೇ. ರವಿವಾರ ಪೇಟೆಯ ತಮ್ಮ ಚಾಳಿನಲ್ಲಿ ಇರಲಿಕ್ಕೆ ಒಂದು ಖೋಲಿಯನ್ನೂ ಕೊಟ್ಟರು. ಕೆಲಸ ಇರುವ ತನಕ ಖೋಲಿ.

ಮೊದಲ ವರ್ಷವೇ ಎರಡು ಧೋತರ ಬಗಲಲ್ಲಿ ಒತ್ತಿಕೊಂಡು ಹೊರಟಿದ್ದ ಒಬ್ಬ ಸಿಕ್ಕ. ಮಲಕಪ್ಪ ಮಣಿಕಟ್ಟು ಹಿಡಿದ. ಕಳ್ಳ ಧೋತರ ಕೆಳಗೆ ಹಾಕಿದ, ಕಾಲಿಗೆ ಬಿದ್ದ, ಆದರೂ ಕೈ ಬಿಡಲಿಲ್ಲ. ಹಸಿ ಕಟ್ಟಿಗೆ ಮುರಿದ ಹಾಗೆ ಒಂದು ಸಪ್ಪಳ ಕೇಳಿಸಿತು. ಮಾರ್ತಾಂಡರಾಯರು ಗಾದಿಯಿಂದ ಎದ್ದು ಬಂದು ಬೆನ್ನು ಚಪ್ಪರಿಸಿ, ಕೆಂಪು ರೇಷ್ಮೆ ರುಮಾಲು ಕೊಟ್ಟರು. ಅದನ್ನು ಸುತ್ತಿಕೊಂಡು ಬಾಗಿಲಲ್ಲಿ ನಿಂತ ಮಲಕಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಬಿಡಬೇಕೆಂದು ಮನಸ್ಸು ಹೇಳಿತ್ತು. ಕೈ ಕೇಳಿರಲಿಲ್ಲ. ನಾಳೆ ಇನ್ನೇನು ಮಾಡೀತೋ ಎಂಬ ಭಯ ಅಂದಿನಿಂದಲೇ ಹೊಟ್ಟೆಯಲ್ಲಿ ಕೂತಿತು.

ಅಂಗಡಿಗೆ ಒಂದು ಗುಟ್ಟಿನ ಮಾತಿತ್ತು. ಗಿರಾಕಿಯ ಮೇಲೆ ಸಂಶಯ ಬಂದರೆ ಗುಮಾಸ್ತ ಎದ್ದು ‘ಮಲಕಪ್ಪಾ, ಪಾಣಿ’ ಎಂದು ಕೂಗಬೇಕು. ಪಾಣಿ ಎಂದರೆ ನೀರು, ಕೇಳಿದವರು ಯಾರಿಗೋ ಬಾಯಾರಿದೆ ಎಂದುಕೊಳ್ಳುತ್ತಿದ್ದರು. ಮಲಕಪ್ಪನಿಗೆ ಮಾತ್ರ ಅದರ ಅರ್ಥ ಕಳ್ಳ ಇದ್ದಾನೆ, ಬಾಗಿಲು ಕಟ್ಟು ಎಂದು. ಖರೇ ನೀರು ಬೇಕಾದರೆ ‘ತಾಂಬ್ಯಾ ತಾ’ ಎಂದು ಕೇಳುವುದು ವಾಡಿಕೆ. ತಾಂಬ್ಯಾ ಎಂದರೆ ತಂಬಿಗೆ. ಈ ಜಾಣತನವನ್ನು ಹೂಡಿದವರು ಮಾರ್ತಾಂಡರಾಯರೇ. ಬಾಯಾರಿದವನಿಗೂ ಕಳ್ಳನಿಗೂ ಹೆಚ್ಚುಕಡಿಮೆ ಒಂದೇ ಹೆಸರು ಇಟ್ಟ ಬುದ್ಧಿಗೆ ಏನನ್ನಬೇಕೋ.

ಹೋದ ಗೌರಿ ಹಬ್ಬದ ಮುಂದೆ ಇನ್ನೊಂದು ಪಜೀತಿ ಆಗಿತ್ತು. ಇಬ್ಬರು ಹೆಂಗಸರು ಉಡಿ ತುಂಬಿಸಿಕೊಂಡವರಂತೆ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬಂದು, ಅಕ್ಕಿಯ ಅಡಿಗೆ ಆರು ಕುಬಸದ ಖಣ ಸೇರಿಸಿಕೊಂಡು ಹೋದರು. ತುಂಬಿದ ಉಡಿಗೆ ಯಾರು ಕೈ ಹಚ್ಚುತ್ತಾರೆ? ಮಾರ್ತಾಂಡರಾಯರು ಮೂರು ದಿನ ಕೂಗಾಡಿದರು. ಇನ್ನು ಮೇಲೆ ಉಡಿ ಗಿಡಿ ನೋಡಬೇಡ, ಬಿಚ್ಚಿಸು, ಬಿಚ್ಚದಿದ್ದರೆ ನೀನೇ ಬಿಚ್ಚು, ಆಗದಿದ್ದರೆ ಖೋಲಿಯ ಕೀಲಿ ಕೊಟ್ಟು ನಡಿ ಎಂದರು. ಸಾವಂತ್ರವ್ವ ಇದನ್ನು ಕೇಳಿ ಒಲೆಯ ಮುಂದೆ ಕೂತವಳು ಕೂತೇ ಇದ್ದಳು. ಅವಳ ಉಡಿ ಎರಡು ಸಲ ತುಂಬಿ ಎರಡು ಸಲವೂ ಬರಿದಾಗಿತ್ತು. ಅಂಥ ಪ್ರಸಂಗ ತನಗೆ ಬಾರದಿರಲಿ ಎಂದು ಮಲಕಪ್ಪ ಮುಂಜಾನೆ ಬಾಗಿಲಿಗೆ ನಿಲ್ಲುವ ಮೊದಲು ಮನಸ್ಸಿನಲ್ಲಿಯೇ ಕಲ್ಮೇಶ್ವರನಿಗೆ ಕೈ ಮುಗಿಯತೊಡಗಿದ.

ಬಂದೇ ಬಂತು. ಯುದ್ಧದ ಐದನೆಯ ವರ್ಷ, ಚೈತ್ರದ ಬಿಸಿಲು. ಬಟ್ಟೆ ಸಿಗುವುದೇ ಕಷ್ಟವಾಗಿದ್ದ ಕಾಲ. ಧೋತರ ಬಂದಿವೆ ಎಂಬ ಸುದ್ದಿಗೆ ಅಂಗಡಿ ತುಂಬಿತ್ತು. ಮಧ್ಯಾಹ್ನದ ಹೊತ್ತಿಗೆ ಹಸಿರು ಇಳಕಲ್ ಸೀರೆಯ ಒಬ್ಬ ಬಸುರಿ ಒಳಗೆ ಬಂದಳು. ಹೆಸರು ಅಂಬಾ ಎಂದು ಆಮೇಲೆ ತಿಳಿಯಿತು. ಗಂಡ ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಅಂದು ಪೇಟೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಅವಳಿಗೆ ಏಳು ತಿಂಗಳ ಕುಬಸದ ಶಾಸ್ತ್ರ ಮಾಡಿ ಉಡಿ ತುಂಬಿ ಕಳಿಸಿದ್ದರು. ಜೊತೆಗೆ ಬಂದ ನೆರೆಮನೆಯ ರಂಗೂಬಾಯಿ ಹೊರಗೆ ಟಾಂಗಾದವನ ಕೂಡ ಬಾಡಿಗೆಯ ಜಗಳ ಹೂಡಿದ್ದಳು. ಗಂಡನಿಗೆ ಒಂದು ಧೋತರ ಸಿಕ್ಕೀತೇ ನೋಡೋಣ ಎಂದು ಅಂಬಾ ಒಬ್ಬಳೇ ಒಳಗೆ ಕಾಲಿಟ್ಟಿದ್ದಳು.

ಬಾಗಿಲ ಹತ್ತಿರದ ಧೋತರದ ಸಾಲಿನಲ್ಲಿಯೇ ಕೂತಳು. ಒಳಗೋಡೆಗೆ ಇದ್ದ ಖಣದ ಕಪಾಟಿನ ಕಡೆಗೆ ಅವಳು ಹೋಗಲಿಲ್ಲ. ಮಲಕಪ್ಪ ಇದನ್ನು ಕಂಡಿದ್ದ, ನೆನಪಿಟ್ಟಿದ್ದ. ಗುಮಾಸ್ತ ಬಾಳು ಧೋತರ ಬಿಚ್ಚಿ ತೋರಿಸುತ್ತಿದ್ದಂತೆ ಅವಳ ಮುಖದ ಮೇಲೆ ಬೆವರು ಒಡೆಯಿತು. ಎರಡೂ ಕೈಯಿಂದ ಉಡಿ ಒತ್ತಿ ಹಿಡಿದು ಬಾಳುವಿಗೆ ಏನೋ ಹೇಳಿದಳು. ಬಾಳು ಗಾಬರಿಯಾಗಿ ಎದ್ದು ಕೂಗಿದ.

“ಮಲಕಪ್ಪಾ, ಪಾಣಿ.”

ಅವಳೂ ಎದ್ದು ಗಾಳಿಗೆಂದು ಬಾಗಿಲ ಕಡೆ ಬಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರು ಎಂದು ನಂಬಿ ಹನ್ನೊಂದು ವರ್ಷ ಕಾವಲು ಮಾಡಿದವನು ಮಲಕಪ್ಪ. ಹೆದರಿದವರೂ ಹೆಗಲು ಮುಟ್ಟಿಕೊಳ್ಳುತ್ತಾರೆ, ನೋವಾದವರೂ ಮುಟ್ಟಿಕೊಳ್ಳುತ್ತಾರೆ. ಆ ಗಳಿಗೆಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಅವನಿಗೆ ಕಂಡದ್ದು ಉಡಿಯ ಮೇಲಿನ ಎರಡು ಕೈ. ಕಿವಿಯಲ್ಲಿದ್ದದ್ದು ಪಾಣಿ. ಬಲಗೈ ಹೋಗಿ ಅವಳ ಮಣಿಕಟ್ಟು ಹಿಡಿಯಿತು.

ಉಡಿ ಬಿಚ್ಚು ಎಂದು ಮರಾಠಿಯಲ್ಲಿ ಗದರಿಸಿದ. ಬಿಚ್ಚಬಾರದು, ಮನೆಗೆ ಹೋಗಿ ದೇವರ ಮುಂದೆ ಬಿಚ್ಚಬೇಕು ಎಂದು ಅವಳೂ ಮರಾಠಿಯಲ್ಲಿಯೇ ಅಂದಳು, ಕೈ ಎಳೆದುಕೊಂಡಳು. ಎಳೆದಷ್ಟೂ ಹಿಡಿತ ಬಿಗಿಯಿತು. ಮಣಿಕಟ್ಟು ತಿರುಗಿತು. ಆಗ ಅವಳ ಬಾಯಿಂದ ಬೇರೆ ಮಾತು ಬಂತು.

“ಯವ್ವಾ, ಬಿಡೋ ಯಣ್ಣಾ.”

ತನ್ನೂರಿನ ಮಾತು. ತಂಗಿ ಇದ್ದಿದ್ದರೆ ಹೀಗೆಯೇ ಅನ್ನುತ್ತಿದ್ದಳು. ಮಲಕಪ್ಪ ಬಿಡಬೇಕೆಂದುಕೊಂಡ. ಆದರೆ ಕೈ ಬಿಡಲಿಲ್ಲ, ಎಡಗೈ ಬೇರೆ ಉಡಿಯ ಗಂಟಿಗೆ ಹೋಗಿ ಜಗ್ಗಿತು. ಸೆರಗು ಹರಿದು ಅಕ್ಕಿ, ಅರಿಷಿಣಬೇರು, ಅಡಿಕೆ ಚೆಲ್ಲಿದವು. ತೆಂಗಿನಕಾಯಿ ಉರುಳಿ ಗಿರಾಕಿಗಳ ಚಪ್ಪಲಿಗಳ ನಡುವೆ ನಿಂತಿತು. ಅಕ್ಕಿಯ ಮೇಲೆ ಅವಳ ಕಾಲು ಜಾರಿ, ಪಕ್ಕೆ ಹೊಸ್ತಿಲಿಗೆ ಬಡಿಯಿತು. ಅವಳು ಬಿದ್ದ ಮೇಲೆ ಕೈ ತಾನಾಗಿಯೇ ಸಡಿಲಾಯಿತು. ಬೆನ್ನಿಗೆ ಮಣ್ಣು ಹತ್ತಿತ್ತಲ್ಲ.

ಅಕ್ಕಿಯ ಮೇಲೆ ಎರಡು ಖಣ ಬಿದ್ದಿದ್ದವು, ಒಂದು ಹಸಿರು, ಒಂದು ಹಳದಿ.

ಮಾರ್ತಾಂಡರಾಯರು ಬಂದು ಎರಡನ್ನೂ ಎತ್ತಿ ನೋಡಿದರು. ಉಡಿಗೆ ಹಾಕುವುದು ಒಂದು ಖಣ, ಎರಡು ಹೇಗೆ ಬಂದವು ಎಂದರು. ಹೊರಗಿನಿಂದ ಓಡಿ ಬಂದ ರಂಗೂಬಾಯಿ ಬಾಯಿ ಬಾಯಿ ಬಡಿದುಕೊಂಡು, ಒಂದು ಚಿಕ್ಕಮ್ಮನದು, ಒಂದು ತಾನು ಹಾಕಿದ್ದು ಎಂದು ಹೇಳಿದಳು. ಹಾಗಾದರೆ ನೀನೂ ಇವಳ ಪಾಲುದಾರಳು ಎಂದು ರಾಯರು ಅವಳ ಬಾಯಿ ಕಟ್ಟಿದರು. ಪೋಲೀಸಿನವನು ಬಂದ. ಅಂಬಾಳನ್ನು ಟಾಂಗಾದಲ್ಲಿ ಹಾಕಿ ದವಾಖಾನೆಗೆ ಒಯ್ದರು. ಅವಳ ಮಂಚದ ಹತ್ತಿರ ಒಬ್ಬ ಪೋಲೀಸನನ್ನು ಕೂರಿಸಿದರು. ಕೈ ಮುರಿದಿದೆ, ಹೊಟ್ಟೆಯ ಕೂಸಿನ ಮಾತು ಈಗಲೇ ಹೇಳಲಾಗದು ಎಂದು ಡಾಕ್ಟರು ಅಂದರಂತೆ. ಕಾವಲುಗಾರ ನಾಳೆ ಚೌಕಿಗೆ ಬಂದು ಕಂಡದ್ದನ್ನು ಬರೆಸಿ ಹೆಬ್ಬೆಟ್ಟು ಒತ್ತಬೇಕು ಎಂದು ಜಮಾದಾರ ಹೇಳಿ ಹೋದ.

ಅಂಗಡಿ ಖಾಲಿಯಾದ ಮೇಲೆ ಮಲಕಪ್ಪ ಬಗ್ಗಿ ಅಕ್ಕಿ ಬಳಿಯುತ್ತಿದ್ದ. ಬಾಳು ಹಿಂದೆ ಬಂದು ನಿಂತ. ಮೂರು ಹೆಣ್ಣುಮಕ್ಕಳ ತಂದೆ, ಹೆದರುಪುಕ್ಕಲ. ದನಿ ತಗ್ಗಿಸಿ ಮರಾಠಿಯಲ್ಲಿ ಅಂದ.

“ತಿಲಾ ಖರಂಚ ಪಾಣಿ ಹವಂ ಹೋತಂ, ಮಲಕಪ್ಪಾ.”

ಅವಳಿಗೆ ಖರೇನೇ ನೀರು ಬೇಕಾಗಿತ್ತು. ಗಾಬರಿಯಲ್ಲಿ ತಾಂಬ್ಯಾ ಅನ್ನುವುದು ಮರೆತು ಹೋಯಿತು, ಬಾಯಿಗೆ ಪಾಣಿ ಬಂತು ಎಂದು ಬಾಳು ಹೇಳಿದ. ಹೇಳಿ, ಮಾಲಕರ ಮುಂದೆ ಮಾತ್ರ ತನ್ನ ಹೆಸರು ಎತ್ತಬೇಡ ಎಂದು ಮಲಕಪ್ಪನ ಗದ್ದ ಹಿಡಿದುಕೊಂಡ. ಮಲಕಪ್ಪನ ಕೈಯೊಳಗಿನ ಅಕ್ಕಿ ಮತ್ತೆ ನೆಲಕ್ಕೆ ಬಿತ್ತು.

ಖೋಲಿಗೆ ಬಂದು ಸಾವಂತ್ರವ್ವನ ಮುಂದೆ ಎಲ್ಲ ಹೇಳಿದ. ಮುಚ್ಚಿಡುವುದು ಅವನಿಗೆ ಬರುತ್ತಿರಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಅವನ ಬಲಗೈಯನ್ನೇ ನೋಡುತ್ತ ಕೂತಳು. ಆ ನೋಟ ತಾಳದೆ ಅವನು ಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡ.

“ಹಂಗಾರ ಚೌಕ್ಯಾಗ ಖರೇದು ಹೇಳ್ರಿ,” ಎಂದಳು.

“ಹೇಳಿದರ ನಾ ಒಳಗ ಹೊಕ್ಕೇನಿ. ಖೋಲಿ ಹೋಗತೈತಿ. ಈ ಊರಾಗ ನಿನ್ನ ಯಾರ ಕೇಳ್ತಾರ?”

“ಹೇಳದಿದ್ದರ ಆಕೀನ ಒಳಗ ಹಾಕ್ತಾರ. ಹೊಟ್ಯಾನ ಕೂಸಿಗೆ ಜೇಲಿನಾಗ ತೊಟ್ಟಿಲ ಕಟ್ಟತಾರೇನ್ರಿ?”

ಎಂಥ ಗಟ್ಟಿ ಆಳು, ತೊಡೆ ತಟ್ಟಿ ಕಣಕ್ಕೆ ಇಳಿದವನು, ಗೋಡೆಗೆ ಮುಖ ಮಾಡಿ ಮಲಗಿದ. ಕೂಸು ಸತ್ತರೆ ಅದು ಕೊಲೆಯೇ? ಗಲ್ಲಿಗೆ ಹಾಕುತ್ತಾರೆಯೇ? ಕೇಳಬೇಕೆಂದರೆ ಯಾರನ್ನು ಕೇಳುವುದು?

ಮರುದಿನ ಮುಂಜಾನೆ ಮಾರ್ತಾಂಡರಾಯರು ಬೇಗ ಬಂದು ಅವನನ್ನು ಗಾದಿಯ ಹತ್ತಿರ ಕರೆದರು. ಎಂದೂ ಇಲ್ಲದ ಪ್ರೀತಿಯಿಂದ ಚಹಾ ಕೊಡಿಸಿದರು. ಆಮೇಲೆ ಪಾಠ ಸುರುವಾಯಿತು. ಆ ಹೆಂಗಸು ಒಳಗೋಡೆಗೆ ಹೋದಳು, ಹಳದಿ ಖಣ ತೆಗೆದಳು, ಉಡಿಯಲ್ಲಿ ಸೇರಿಸಿದಳು, ನಾನು ಬಾಗಿಲಿನಿಂದ ಕಣ್ಣಾರೆ ಕಂಡೆ. ಇಷ್ಟೇ. ಅವಳು ಕಳ್ಳಿಯಾದರೆ ನೀನು ಮಾಡಿದ್ದು ಕರ್ತವ್ಯ, ಅಲ್ಲದಿದ್ದರೆ ನೀನು ಬಸುರಿಯನ್ನು ಕೆಡವಿದ ಗೂಂಡಾ, ನಿನ್ನ ಕೊರಳು ನಿನ್ನ ನಾಲಿಗೆಯ ಮೇಲಿದೆ ಎಂದರು. ಅಂಗಡಿಯ ಮರ್ಯಾದೆಯೂ ಅದರ ಮೇಲೆಯೇ ಇದೆ ಎಂದು ಮಾತ್ರ ಅನ್ನಲಿಲ್ಲ. ಮಗ್ಗಿ ಒಪ್ಪಿಸುವ ಹುಡುಗನಂತೆ ಮಲಕಪ್ಪ ಒಂದು ಸಲ ಹೇಳಿದ. ಎರಡನೆಯ ಸಲಕ್ಕೆ ಉಡಿ ಎಂಬ ಮಾತಿಗೆ ನಾಲಿಗೆ ತೊಡರಿತು. ಮತ್ತೆ ಹೇಳು ಎಂದರು.

ಇನ್ನೊಂದು ಸುದ್ದಿಯನ್ನು ಬಾಳು ತಂದಿದ್ದ. ಅಂಬಾಳ ಗಂಡ ಶಿವರುದ್ರಪ್ಪ ಕಾರಖಾನೆಯ ಮೂವತ್ತು ಜನರನ್ನು ಕಟ್ಟಿಕೊಂಡು, ಕಬ್ಬಿಣದ ಸಲಾಕಿ ಹಿಡಿದು ಬರುತ್ತಿದ್ದಾನಂತೆ. ಮಲಕಪ್ಪ ಬಾಗಿಲಿಗೆ ಹೋಗಿ ನಿಂತ. ನಿಲ್ಲುವುದು ಅವನ ಕೆಲಸ. ಸೈಕಲ್ಲಿನ ಗಂಟೆ ಕೇಳಿದರೆ ಬೆನ್ನು ಸೆಟೆಯುತ್ತಿತ್ತು. ನಾಲ್ಕು ಜನ ಕೂಡಿ ಬಂದರೆ ಕೈಯಲ್ಲಿ ಸಲಾಕಿ ಇದೆಯೇ ಎಂದು ನೋಡುತ್ತಿದ್ದ. ಯಾವನೋ ಸುಣ್ಣದ ಗಾಡಿಯವನು ಹಾರೆ ಎತ್ತಿದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದ. ಹೀಗೆ ಹೆದರಿ ಹೆದರಿ ಬಿಸಿಲು ಏರಿತು.

ಬಂದವನು ಒಬ್ಬನೇ. ತೆಳ್ಳಗಿನ ಆಳು, ಎಣ್ಣೆಯ ಕಲೆಯ ಖಾಕಿ ಅಂಗಿ, ಸೈಕಲ್ಲಿಗೆ ಊಟದ ಡಬ್ಬಿ ನೇತಾಡುತ್ತಿತ್ತು. ಸೈಕಲ್ಲು ಗೋಡೆಗೆ ಆನಿಸಿ, ಬಾಗಿಲ ಕಾಯುವವ ಯಾರು ಎಂದು ಮರಾಠಿಯಲ್ಲಿ ಕೇಳಿದ.

“ನಾನ,” ಎಂದುಬಿಟ್ಟ ಮಲಕಪ್ಪ, ಕನ್ನಡದಲ್ಲಿ.

ಶಿವರುದ್ರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

“ಯಾವ ಊರು?”

“ಬೈಲಹೊಂಗಲ.”

“ಹಂಗಾರ ಉಡಿ ಅಂದ್ರ ಏನಂತ ನಿಮಗ ತಿಳಿಸಿ ಹೇಳೋದ ಬ್ಯಾಡ.”

ಹೊಡೆದಿದ್ದರೆ ಚೆನ್ನಾಗಿತ್ತು. ಮಲಕಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ನಾ ಬಡಿದಾಡಾಕ ಬಂದಿಲ್ಲ,” ಎಂದ ಶಿವರುದ್ರಪ್ಪ. “ನನ್ನ ಕೈಲಿ ಆಗೂದೂ ಇಲ್ಲ. ಒಂದ ಮಾತ ಕೇಳಾಕ ಬಂದೀನಿ. ನಿನ್ನೆಯಿಂದ ಪೋಲೀಸ ಆಕೀನ ಕಳ್ಳಿ ಕಳ್ಳಿ ಅಂತ ಕೇಳಿ ಕೇಳಿ, ಈಗ ಆಕಿಗೇ ಸಂಶೆ ಬಂದದ. ನಾ ಖರೇನ ಏನರ ತಗೊಂಡ್ನೇನ್ರಿ, ತಲಿ ತಿರುಗಿದಾಗ ಕೈಯಾಗ ಬಂತೇನ್ರಿ ಅಂತ ನನ್ನ ಕೇಳಾಕತ್ಯಾಳ. ನೀವು ಬಾಗಲದಾಗ ಇದ್ರಿ. ಆಕಿಗೆ ಏನ ಹೇಳ್ಲಿ?”

ಮಲಕಪ್ಪ ಬಾಯಿ ತೆರೆದ. ಮುಂಜಾನೆಯ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಒಳಗೋಡೆ, ಹಳದಿ ಖಣ, ಕಣ್ಣಾರೆ ಕಂಡೆ. ಖೋಲಿ ಕಣ್ಣಿಗೆ ಬಂತು, ಸಾವಂತ್ರವ್ವನ ಒಲೆ ಬಂತು, ನೇಣಿನ ಹಗ್ಗವೂ ಬಂತು. ಹೆದರಿಕೆ ಏನೂ ಕಡಿಮೆಯಾಗಲಿಲ್ಲ. ಯಾರಾದರೂ ಆಮೇಲೆ ಅವನಿಗೆ ಧೈರ್ಯ ಬಂತು ಎಂದು ಕತೆ ಕಟ್ಟಿದ್ದರೆ ಅದು ಸುಳ್ಳು. ತನ್ನ ಕೈ ಮುರಿದದ್ದು ಒಂದು ಮಣಿಕಟ್ಟನ್ನು ಮಾತ್ರ ಎಂದುಕೊಂಡಿದ್ದ. ಮಾಡದ ಕಳವನ್ನು ಒಬ್ಬಳು ಮಾಡಿರಬಹುದೆಂದು ತಾನೇ ನಂಬತೊಡಗಿದ್ದಾಳೆ ಎಂಬುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಭಯವಾಯಿತು. ಅಷ್ಟೇ.

“ಆಕಿ ಖಣದ ಕಡೆ ಹೋಗೇ ಇಲ್ಲ,” ಎಂದ. “ನಾ ನೋಡೀನಿ. ಬಾಳು ನೀರ ಬೇಡಿದ್ದ. ನಾ ಕಳ್ಳಿ ಅಂತ ಕೇಳಿಸ್ಕೊಂಡ್ನಿ.”

ಮಾರ್ತಾಂಡರಾಯರಿಗೆ ಕನ್ನಡ ಬರುತ್ತಿರಲಿಲ್ಲ. ಏನು ಮಾತು ಅದು, ಏನು ಹೇಳಿದೆ ಅವನಿಗೆ ಎಂದು ಗಾದಿಯಿಂದಲೇ ಕೇಳಿದರು. ಒಮ್ಮೆ ಹೇಳುವುದೇ ಇಷ್ಟು ಕಷ್ಟವಾಗಿದ್ದಾಗ ಎರಡನೆಯ ಸಲ ಹೇಳಬೇಕಾಯಿತು. ಮಲಕಪ್ಪ ಅದನ್ನೇ ಮರಾಠಿಯಲ್ಲಿ ಹೇಳಿದ. ಗಿರಾಕಿಗಳೆಲ್ಲ ಕೇಳಿದರು. ಪಾಣಿ ಎಂದರೆ ಈ ಅಂಗಡಿಯಲ್ಲಿ ಏನೆಂಬುದನ್ನೂ ಬಿಡಿಸಿ ಹೇಳಿದ. ಧೋತರ ನೋಡುತ್ತಿದ್ದ ಒಬ್ಬ ಮುದುಕ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ರಾಯರ ಮುಖ ಕರ್ರಗಾಯಿತು. ಇವನಿಗೆ ಹುಚ್ಚು ಹಿಡಿದಿದೆ, ಇವನು ಈ ಗಳಿಗೆಯಿಂದ ನಮ್ಮ ಆಳಲ್ಲ ಎಂದರು.

ಚೌಕಿಗೆ ಇಬ್ಬರೂ ಕೂಡಿಯೇ ನಡೆದು ಹೋದರು. ಶಿವರುದ್ರಪ್ಪ ಸೈಕಲ್ಲು ತಳ್ಳಿಕೊಂಡು ಮುಂದೆ, ಮಲಕಪ್ಪ ಹಿಂದೆ. ಜಮಾದಾರ ಮೂರು ಸಲ ಕೇಳಿ ಕೇಳಿ ಬರೆದುಕೊಂಡ. ಇಂಥ ಹೇಳಿಕೆಯಿಂದ ನಿನಗೇ ಶಿಕ್ಷೆ ಆದೀತು, ತಿಳಿದಿದೆಯಾ ಎಂದ. ಮಲಕಪ್ಪ ಹೆಬ್ಬೆಟ್ಟು ಒತ್ತಿದ. ಗುರುತು ಎರಡಾಗಿ ಬಿತ್ತು, ಮತ್ತೆ ಒತ್ತಿಸಿದರು. ಬಾಳುವನ್ನು ಕರೆಸಿದಾಗ ಅವನು ನೆಲ ನೋಡುತ್ತ, ಹೌದು, ಕೇಳಿದ್ದು ನೀರೇ ಎಂದ. ಸಂಜೆಯ ಹೊತ್ತಿಗೆ ಅಂಬಾಳ ಮಂಚದ ಬದಿಯಿಂದ ಪೋಲೀಸ ಎದ್ದ.

ಮಲಕಪ್ಪನಿಗೆ ಮೂರು ತಿಂಗಳ ಸಜೆಯಾಯಿತು. ಪಾಣಿ ಎಂಬ ಮಾತನ್ನು ಹೂಡಿದವರನ್ನು, ಉಡಿಗೂ ಕೈ ಹಾಕು ಎಂದವರನ್ನು ಯಾವನೂ ಒಂದು ಮಾತು ಕೇಳಲಿಲ್ಲ. ಕೈ ಜೇಲಿಗೆ ಹೋಯಿತು, ಕೈಯನ್ನು ಸಾಕಿದವರು ಗಾದಿಯ ಮೇಲೆ ಉಳಿದರು.

ಖೋಲಿಯಿಂದ ಸಾವಂತ್ರವ್ವನ ಪಾತ್ರೆಗಳನ್ನು ಹೇಳಿಕೆ ಬರೆಸಿದ ಮರುದಿನವೇ ಹೊರಗೆ ಇಟ್ಟಿದ್ದರು. ಅವಳು ನಾಲ್ಕು ಮನೆಯ ಮುಸುರೆ ಹಿಡಿದಳು. ದಿನಾ ದವಾಖಾನೆಗೆ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಒಳಗೆ ಹೋಗುವ ಮುಖ ಅವಳಿಗೆ ಇರಲಿಲ್ಲ. ಒಂಬತ್ತನೆಯ ದಿನ ರಂಗೂಬಾಯಿಯೇ ಹೊರಗೆ ಬಂದು, ಬೈದು, ಬೈದ ಮೇಲೆ ಒಳಗೆ ಕರೆದಳಂತೆ. ಜೇಲಿನಲ್ಲಿ ಮಲಕಪ್ಪ ಬೀಸುವ ಕಲ್ಲಿನ ಮುಂದೆ ಕೂತು ಸುದ್ದಿ ಕಾಯುತ್ತಿದ್ದ. ಜೊತೆಯವರಿಗೆ ಹಗಲಿನ ಎಣಿಕೆ, ಅವನಿಗೆ ತಿಂಗಳಿನ ಎಣಿಕೆ. ಎಂಟು ತುಂಬಿತೇ? ಒಂಬತ್ತು ಬಂತೇ? ವಾರ್ಡರನ ಬೂಟಿನ ಸಪ್ಪಳ ಜೇಲಿನ ಕೋಣೆಯ ಮುಂದೆ ನಿಂತರೆ ಕೂಸು ಸತ್ತ ಸುದ್ದಿ ತಂದನೆಂದೇ ತಿಳಿಯುತ್ತಿದ್ದ.

ಕೊನೆಯ ಭೇಟಿಗೆ ಬಂದ ಸಾವಂತ್ರವ್ವ ಸರಳುಗಳ ಆಚೆಯಿಂದ ಅಂದಳು.

“ಹೆಣ್ಣ ಕೂಸು. ಭಾಳ ಅಳತೈತಿ.”

ಅಳುತ್ತದೆ ಎಂಬ ಮಾತಿಗೆ ಅಷ್ಟು ನಕ್ಕ ಗಂಡಸನ್ನು ಆ ಜೇಲು ಕಂಡಿರಲಿಕ್ಕಿಲ್ಲ. ನಗುತ್ತಲೇ ಕೂಸಿನ ತಾಯಿ ಹೇಗಿದ್ದಾಳೆ ಎಂದು ಕೇಳಿದ. ಕೈ ಸೊಟ್ಟ ಕೂಡಿದೆ, ಕೊಡ ಎತ್ತಲು ಬರುವುದಿಲ್ಲ ಎಂದಳು. ಅವನ ನಗೆ ಅಲ್ಲಿಗೇ ನಿಂತಿತು.

ಬಿಡುಗಡೆಯಾದ ಮೇಲೆ ಅವನು ಕಾವಲಿನ ಕೆಲಸಕ್ಕೆ ಹೋಗಲಿಲ್ಲ. ಎರಡು ಅಂಗಡಿಯವರು ಕೇಳಿಕೊಂಡು ಬಂದಿದ್ದರು, ಹಿಡಿತದ ಕೀರ್ತಿ ಇತ್ತಲ್ಲ. ಭವಾನಿ ಪೇಟೆಯ ಕಟ್ಟಿಗೆ ಅಡ್ಡೆಯಲ್ಲಿ ತೊಲೆ ಹೊರುವ ಕೂಲಿ ಹಿಡಿದ. ತೊಲೆಗೆ ಎಷ್ಟು ಬಿಗಿ ಹಿಡಿದರೂ ನೋಯುವುದಿಲ್ಲ ಎಂದು ಒಮ್ಮೆ ಹೆಂಡತಿಯ ಮುಂದೆ ಅಂದದ್ದುಂಟು. ಅಂಬಾಳ ಮನೆಗೆ ಹೋಗಿ ಕಾಲಿಗೆ ಬೀಳಬೇಕೆಂದು ಖಡಕಿಯ ದಾರಿ ಹಿಡಿದು, ಎರಡು ಸಲ ಅರ್ಧದಿಂದ ತಿರುಗಿ ಬಂದ.

ಮೂರು ವರ್ಷದ ಮೇಲೆ, ನಲವತ್ತೇಳನೆಯ ಇಸವಿಯ ಶ್ರಾವಣದಲ್ಲಿ, ಮಂಡಯಿ ಮಾರುಕಟ್ಟೆಯ ಹತ್ತಿರ ಅವರು ಎದುರಾದರು. ಶಿವರುದ್ರಪ್ಪ ಹಿಂದೆ ಕಾಯಿಪಲ್ಲೆ ಕೊಳ್ಳುತ್ತಿದ್ದ. ಅಂಬಾ ಮಗಳ ಕೈ ಹಿಡಿದುಕೊಂಡು ಮುಂದೆ ಬರುತ್ತಿದ್ದಳು. ಕೂಸು ಹಳದಿ ಲಂಗ ಉಟ್ಟು ದಾರಿಯ ಕಲ್ಲುಗಳನ್ನು ಒದೆಯುತ್ತಿತ್ತು. ಮಲಕಪ್ಪನಿಗೆ ಕಾಲು ಕೀಳಲಾಗಲಿಲ್ಲ. ಏನಾದರೂ ಅನ್ನಬೇಕೆಂದುಕೊಂಡ. ಅಂಬಾ ತಲೆ ಎತ್ತಿ ನೋಡಿದಳು. ಗುರುತು ಹತ್ತಿತು. ಬೈಯಲಿಲ್ಲ, ಮುಖ ತಿರುವಲಿಲ್ಲ. ಸೊಟ್ಟ ಕೈಯಿಂದ ಮಗಳನ್ನು ಎಳೆದು ತನ್ನ ಹಿಂದೆ ಮಾಡಿಕೊಂಡು, ಅಲ್ಲಿಯೇ ನಿಂತುಬಿಟ್ಟಳು. ಆ ಕಣ್ಣುಗಳಲ್ಲಿದ್ದದ್ದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದು ವರ್ಷ ಬಾಗಿಲಲ್ಲಿ ನಿಂತು ದಿನಾ ನೋಡಿದ ಹೆದರಿಕೆಯೇ ಅದು.

ಪಕ್ಕದಲ್ಲಿ ಒಂದು ಬೋಳ ಇತ್ತು, ಇಬ್ಬರು ಹೋಗಲಾರದಷ್ಟು ಇಕ್ಕಟ್ಟಾದ ಓಣಿ. ಮಲಕಪ್ಪನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಅದರೊಳಗೆ ಹೊಕ್ಕು, ಗೋಡೆಗೆ ಮುಖ ಮಾಡಿ, ಆ ತಾಯಿ ಮಗಳ ಹೆಜ್ಜೆ ದಾಟಿ ಹೋಗುವ ತನಕ ನಿಂತುಕೊಂಡ.